ಮೋಡಕ್ಕೊಂದು ಗೇಟ್ ಪಾಸ್

ಸಮಸ್ತ ಸಿಬ್ಬಂದಿ ವರ್ಗಕ್ಕೆ ಈ ಮೂಲಕ ತಿಳಿಯಪಡಿಸುವುದೇನೆಂದರೆ, ಕಾರ್ಖಾನೆಯ ಎರಡನೇ ಮಹಡಿಯಲ್ಲಿ ಪೂರ್ವ ದಿಕ್ಕಿನ ಕಿಟಕಿಯ ಪಕ್ಕ ಇರುವ, ನಾಲ್ಕು ಕಾಲುಗಳನ್ನೂ ಎರಡು ಕೈಗಳನ್ನೂ ಹೊಂದಿರುವ ಒಂದು ಕುರ್ಚಿಯು ಇದೇ ತಿಂಗಳ ಮೊದಲ ದಿನದಿಂದ ಖಾಲಿಯಾಗಿದ್ದು, ಅದರಲ್ಲಿ ಇನ್ನು ಮುಂದೆ ಯಾರು ಕೂರತಕ್ಕದ್ದೆಂಬುದನ್ನು ಆಡಳಿತವು ತೀರ್ಮಾನಿಸುವವರೆಗೆ ಯಾರೂ ಅದರ ಮೇಲೆ ಕೂರಕೂಡದು, ಒರಗಕೂಡದು, ಊಟದ ಡಬ್ಬಿ ಇಡಕೂಡದು.

ಈ ನೋಟಿಸಿಗೆ ನಾಲ್ಕು ಮೂಲೆಗೂ ನಾಲ್ಕು ಪಿನ್ನು ಚುಚ್ಚಿದ್ದರು. ಸಂಬಳದ ನೋಟಿಸಿಗೇ ಎರಡು ಪಿನ್ನಿನ ಯೋಗ್ಯತೆ ಇರುವ ಬೋರ್ಡು ಅದು. ಹಾಗಾಗಿ ವಿಷಯ ಗಂಭೀರ ಅಂತ ಎಲ್ಲರಿಗೂ ಗೊತ್ತಾಯಿತು.

ಶೀತಪ್ಪ ಮಾತ್ರ ಅದನ್ನು ಎಲ್ಲರಿಗಿಂತ ಐದು ನಿಮಿಷ ತಡವಾಗಿ ಓದಿದ. ಸರ್ವರ್ ಕೋಣೆಯಿಂದ ಹೊರಗೆ ಬಂದ ಕೂಡಲೇ ಅವನ ಕನ್ನಡಕಕ್ಕೆ ಮಂಜು ಕಟ್ಟುತ್ತಿತ್ತು. ಅದು ಕರಗುವವರೆಗೆ ಅವನಿಗೆ ನೋಟಿಸು ಬೋರ್ಡೂ ಒಂದೇ, ಯಜಮಾನರ ಹೊಟ್ಟೆಯೂ ಒಂದೇ. ಮಂಜು ಕರಗಿತು. ಓದಿದ. ಇನ್ನೊಂದು ಸಲ ಓದಿದ. ಆಮೇಲೆ ಆ ಬೇಸಿಗೆಯ ಬೆಳಗ್ಗೆ, ಮೈಮೇಲೆ ಎರಡು ಸ್ವೆಟರು, ಕತ್ತಿಗೆ ಮಫ್ಲರು ಹಾಕಿಕೊಂಡು ನಿಂತಿದ್ದ ಆ ಮನುಷ್ಯನ ಮುಖದ ಮೇಲೆ ಹತ್ತೊಂಬತ್ತು ವರ್ಷಗಳಲ್ಲಿ ಮೊದಲ ಬಾರಿಗೆ ಸ್ವಲ್ಪ ರಕ್ತ ಓಡಾಡಿತು.

ಅದು ಅಂಗಿಯ ಗುಂಡಿ ತಯಾರಿಸುವ ಕಾರ್ಖಾನೆ. ಎರಡು ತೂತಿನ ಗುಂಡಿ, ನಾಲ್ಕು ತೂತಿನ ಗುಂಡಿ, ಮತ್ತು ಒಂದು ವರ್ಷ ಯಾರದೋ ತಪ್ಪಿನಿಂದ ಮೂರು ತೂತಿನ ಗುಂಡಿ. ಇವೆಲ್ಲದರ ನಕ್ಷೆ, ಅಳತೆ, ಬಣ್ಣದ ಪಾಕ, ಗಿರಾಕಿಗಳ ವಿಳಾಸ, ಎಲ್ಲವೂ ಮೆಟ್ಟಿಲ ಕೆಳಗಿನ ಕಿಟಕಿಯಿಲ್ಲದ ಕೋಣೆಯಲ್ಲಿ ಬೀರುವಿನಷ್ಟು ಎತ್ತರದ ಸರ್ವರ್ ಹೊಟ್ಟೆಯಲ್ಲಿದ್ದವು. ಸರ್ವರಿಗೆ ಬಿಸಿ ಆಗಬಾರದು ಅಂತ ಹಗಲೂ ರಾತ್ರಿ ಏಸಿ. ಸರ್ವರಿಗೆ ಬೇಜಾರಾಗಬಾರದು ಅಂತ ಶೀತಪ್ಪ. ಅವನ ತಂದೆತಾಯಿ ಇಟ್ಟ ಹೆಸರು ಸಂಬಳದ ಪಟ್ಟಿಯಲ್ಲಿ ಎಲ್ಲೋ ಇತ್ತು. ಅವನು ಸೀನಿದರೆ ಮೂರನೇ ಮಹಡಿಯ ಪ್ಯಾಕಿಂಗಿನವರು ಎಣಿಕೆ ತಪ್ಪುತ್ತಿದ್ದರಿಂದ ಕಾರ್ಖಾನೆಯೇ ಅವನಿಗೆ ಶೀತಪ್ಪ ಅಂತ ಮರುನಾಮಕರಣ ಮಾಡಿತ್ತು.

ಯಜಮಾನರು ದಿನಾ ಬೆಳಗ್ಗೆ ಆ ಕೋಣೆಗೆ ಬಂದು ಸರ್ವರಿನ ಬೆನ್ನು ಎರಡು ಸಲ ತಟ್ಟುತ್ತಿದ್ದರು. ಅದನ್ನು ಬಹುವಚನದಲ್ಲೇ ಮಾತಾಡಿಸುತ್ತಿದ್ದರು.

"ಹೇಗಿದ್ದಾರಯ್ಯಾ ಇವರು? ರಾತ್ರಿ ಚೆನ್ನಾಗಿ ಓಡಿದ್ರಾ?"

"ಅವರು ಚೆನ್ನಾಗಿದ್ದಾರೆ ಸಾರ್. ನನಗೇ ಸ್ವಲ್ಪ ಎದೆ ಕಟ್ಟಿದೆ."

"ನಿನ್ನದು ಇದ್ದದ್ದೇ ಬಿಡು. ಅವರಿಗೆ ಧೂಳು ಬೀಳದ ಹಾಗೆ ನೋಡ್ಕೋ."

ಕುರ್ಚಿ ಕೇಳಲು ಶೀತಪ್ಪ ಅವತ್ತೇ ಹೋದ. ಮೂವತ್ತೊಂದು ವರ್ಷ ಆ ಕಿಟಕಿಯ ಪಕ್ಕ ಕೂತು, ಗುಂಡಿಗೆ ತೂತು ಎಲ್ಲಿ ಬರಬೇಕೆಂದು ನಕ್ಷೆ ಬರೆದಿದ್ದ ಹಿರಿಯರು ನಿವೃತ್ತರಾಗಿದ್ದರು. ಬೆಳಗ್ಗೆ ಎಂಟರಿಂದ ಹನ್ನೊಂದೂವರೆಯವರೆಗೆ ಅಲ್ಲಿ ಬಿಸಿಲು ಬೀಳುತ್ತಿತ್ತು. ಮೊದಲು ಮೊಣಕಾಲಿಗೆ, ಆಮೇಲೆ ಮಡಿಲಿಗೆ, ಕೊನೆಗೆ ಭುಜಕ್ಕೆ. ಬೆಳಗಿನ ಹೊತ್ತು ಏನಾದರೊಂದು ನೆಪ ಹೂಡಿ ಹೋಗಿ, ಗಡಿಯಾರ ಹಿಡಿದು ಶೀತಪ್ಪ ಅದನ್ನು ಅಳೆದಿದ್ದ. ಡಾಕ್ಟರೂ ಚೀಟಿಯಲ್ಲಿ ಮಾತ್ರೆಯ ಹೆಸರಿನ ಬದಲು "ಬಿಸಿಲು" ಅಂತ ಒಂದೇ ಪದ ಬರೆದುಕೊಟ್ಟಿದ್ದರು. ಔಷಧಿ ಅಂಗಡಿಯವನು ಅದನ್ನು ನೋಡಿ ಸ್ಟಾಕ್ ಇಲ್ಲ ಅಂದಿದ್ದ.

"ಕುರ್ಚಿ ಕೊಡೋಕೆ ನಂದೇನೂ ಅಭ್ಯಂತರ ಇಲ್ಲ," ಅಂದರು ಯಜಮಾನರು. "ಆದ್ರೆ ನೀನು ಮೇಲೆ ಬಂದ್ರೆ ಕೆಳಗೆ ಇವರನ್ನ ನೋಡ್ಕೊಳ್ಳೋರು ಯಾರು? ಸರ್ವರ್ ಇರೋವರೆಗೆ ನೀನು ಅಲ್ಲಿ. ಅಷ್ಟೇ."

"ಸರ್ವರ್ ಇಲ್ಲದಿದ್ರೆ?"

"ಇಲ್ಲದಿದ್ರೆ ಅಂದ್ರೆ?" ಯಜಮಾನರ ಕೈ ಎದೆಯ ಮೇಲೆ ಹೋಯಿತು. "ಅಪಶಕುನ ನುಡೀಬೇಡ."

ಯಜಮಾನರ ಮಗಳು ಪಕ್ಕದ ಮೇಜಿನಲ್ಲಿದ್ದಳು. ಅಪ್ಪನ ಕಾರ್ಖಾನೆಯನ್ನು ಈ ಶತಮಾನಕ್ಕೆ ಎಳೆದು ತರುವ ಹಟ ಅವಳದ್ದು. ತಲೆ ಎತ್ತದೆ ಅಂದಳು, "ಅಂಕಲ್ ಕೇಳಿದ್ದು ಸರಿಯಾಗೇ ಇದೆ ಅಪ್ಪಾ. ಎಲ್ಲರೂ ಕ್ಲೌಡ್‌ಗೆ ಹೋಗ್ತಿದ್ದಾರೆ. ನಾವಿನ್ನೂ ಆ ಕಬ್ಬಿಣದ ಬೀರುಗೆ ಗಾಳಿ ಹಾಕ್ತಾ ಕೂತಿದ್ದೀವಿ."

ಹೀಗೆ ಬಿಸಿಲಿಗಾಗಿ ಹಂಬಲಿಸುತ್ತಿದ್ದ ಒಬ್ಬ ಮನುಷ್ಯ, ಜಗತ್ತಿನಲ್ಲೇ ಮೊದಲ ಬಾರಿಗೆ ಇರಬೇಕು, ಮೋಡ ಬರಲಿ ಅಂತ ಹಾರೈಸತೊಡಗಿದ.

ಮುಂದಿನ ಸೋಮವಾರ ಸಭೆ. ಕ್ಲೌಡ್ ಕಂಪನಿಯ ಕಡೆಯಿಂದ ಒಬ್ಬ ಬಂದಿದ್ದ. ಕೋಟು, ಟೈ, ಲ್ಯಾಪ್‌ಟಾಪು, ಮತ್ತು ಯಾವ ಪ್ರಶ್ನೆಗೂ ಕುಗ್ಗದ ನಗು. ಕಾರ್ಖಾನೆಯವರು ಅವನಿಗೆ ಬಾಗಿಲಲ್ಲೇ ಮೋಡದಣ್ಣ ಅಂತ ಹೆಸರಿಟ್ಟರು. ಮಗಳು ಗೋಡೆಯ ಬಿಳಿ ಬೋರ್ಡಿನ ಮೇಲೆ ಮೂರು ಕಂಬ ಎಳೆದಳು: ಒಂದು, ಈಗಿರುವ ಸ್ವಂತ ಸರ್ವರು. ಎರಡು, ನಮ್ಮ ಸರ್ವರನ್ನು ಹೊರಗಿನ ಕಂಪನಿಯವರ ಸುಪರ್ದಿಗೆ ಕೊಟ್ಟು ಅವರ ಕಟ್ಟಡದಲ್ಲೇ ಇಡುವುದು. ಮೂರು, ಕ್ಲೌಡು.

"ಎರಡನೆಯದು ಬೇಡ," ಅಂದರು ಯಜಮಾನರು. "ಅದು ಅವರನ್ನ ಹಾಸ್ಟೆಲ್‌ಗೆ ಹಾಕಿದ ಹಾಗೆ. ಅಲ್ಲಿ ಯಾರ ಜೊತೆ ಸೇರ್ತಾರೋ ಏನೋ. ಈ ಮೂರನೆಯದು ಹೇಳಿ. ನಮ್ಮ ಗುಂಡಿಗಳ ವಿಷಯ ಎಲ್ಲ ಎಲ್ಲಿರುತ್ತೆ?"

"ಕ್ಲೌಡ್‌ನಲ್ಲಿರುತ್ತೆ ಸರ್."

"ಅದು ಎಲ್ಲಿರುತ್ತೆ?"

"ಎಲ್ಲ ಕಡೆ ಇರುತ್ತೆ ಸರ್."

"ನಮ್ಮ ಮಾರಾಟದವನೂ ಹೀಗೇ ಹೇಳ್ತಾನೆ. ಫೋನ್ ಮಾಡಿದ್ರೆ ಎಲ್ಲ ಕಡೆ ಇರ್ತಾನೆ, ಹುಡುಕಿದ್ರೆ ಎಲ್ಲೂ ಇರಲ್ಲ."

"ಹಾಗಲ್ಲ ಸರ್, ಮೂರು ಬೇರೆ ಬೇರೆ ಊರಲ್ಲಿ ದೊಡ್ಡ ದೊಡ್ಡ ಕಟ್ಟಡ ಇದೆ. ಒಂದು ಮುಳುಗಿದ್ರೂ ಇನ್ನೆರಡು ನಡೆಯುತ್ತೆ. ನಿಮಗೆ ಎಷ್ಟು ಬೇಕೋ ಅಷ್ಟೇ ಜಾಗ. ಜಾಸ್ತಿ ಬೇಕಾದ್ರೆ ಹಿಗ್ಗುತ್ತೆ, ಬೇಡವಾದ್ರೆ ಕುಗ್ಗುತ್ತೆ. ರಿಪೇರಿ ನಮ್ಮದೇ."

"ಅದೆಲ್ಲ ಸರಿ. ಬೆಳಗ್ಗೆ ನಾನು ಬೆನ್ನು ತಟ್ಟೋದು ಯಾರಿಗೆ?"

ಮೋಡದಣ್ಣನ ನಗು ಒಂದು ಕ್ಷಣ ತಡವರಿಸಿತು. "ಡ್ಯಾಶ್‌ಬೋರ್ಡ್‌ನಲ್ಲಿ ನೋಡಬಹುದು ಸರ್."

"ನೋಡೋದು ಬೇರೆ, ತಟ್ಟೋದು ಬೇರೆ."

ಆಗ ಕ್ಯಾಂಟೀನಿನ ಅಕ್ಕ ಟೀ ತಟ್ಟೆ ಕೆಳಗಿಟ್ಟು, ಸೆರಗಿಗೆ ಕೈ ಒರೆಸಿಕೊಂಡು ಸಭೆಗೆ ಇಳಿದಳು. "ನಂದೊಂದು ಪ್ರಶ್ನೆ ಇದೆ. ಹಾಲು ಎಲ್ಲಿಡೋದು?"

"ಯಾವ ಹಾಲು?" ಅಂದಳು ಮಗಳು.

"ಟೀ ಹಾಲು ಕಣಮ್ಮ. ಹನ್ನೆರಡು ವರ್ಷದಿಂದ ಸರ್ವರ್ ಹಿಂದೇನೇ ಇಡ್ತಿರೋದು. ಒಂದು ದಿನ ಕೆಟ್ಟಿಲ್ಲ. ನಿಮ್ಮ ಕ್ಲೌಡ್‌ನಲ್ಲಿ ಇಡಬಹುದೇನಪ್ಪ?"

"ಅಮ್ಮಾ, ಅದು ಬರೀ ಮಾಹಿತಿ ಇಡೋಕೆ," ಅಂದ ಮೋಡದಣ್ಣ.

"ಹಂಗಾದ್ರೆ ನಮ್ದೇ ವಾಸಿ. ಇದು ಮಾಹಿತಿನೂ ಇಟ್ಕೊಳ್ಳುತ್ತೆ, ಹಾಲೂ ಇಟ್ಕೊಳ್ಳುತ್ತೆ."

ಮಗಳು ಪ್ರಾಮಾಣಿಕ ಹುಡುಗಿ. ಬೋರ್ಡಿನಲ್ಲಿ "ಹಾಲು" ಅಂತ ಒಂದು ಸಾಲು ಸೇರಿಸಿ ಸ್ವಂತ ಸರ್ವರಿಗೆ ಸರಿ ಗುರುತು, ಕ್ಲೌಡಿಗೆ ತಪ್ಪು ಗುರುತು ಹಾಕಿದಳು. ಇದರಿಂದ ಧೈರ್ಯ ಬಂದ ಗೋದಾಮಿನ ಗುಮಾಸ್ತ, ಊಟವಾದ ಮೇಲೆ ತಾನು ಆ ಕೋಣೆಯಲ್ಲಿ ಇಪ್ಪತ್ತು ನಿಮಿಷ ಕಣ್ಣು ಮುಚ್ಚುತ್ತೇನೆಂದೂ, ಸರ್ವರಿನ ಗುಂಯ್‌ಗುಡುವಿಕೆಯಷ್ಟು ಹಿತವಾದ ಜೋಗುಳ ಬೇರೆಲ್ಲೂ ಸಿಗದೆಂದೂ ತಿಳಿಸಿದ. "ನಿದ್ದೆ" ಅಂತ ಇನ್ನೊಂದು ಸಾಲು ಬಂತು. ಕ್ಲೌಡಿಗೆ ಅದರಲ್ಲೂ ಸೋಲು. ಮೋಡದಣ್ಣ ತನ್ನ ವೃತ್ತಿಜೀವನದಲ್ಲಿ ಎಷ್ಟೋ ದೊಡ್ಡ ಕಂಪನಿಗಳೊಂದಿಗೆ ಪೈಪೋಟಿ ಮಾಡಿದ್ದ, ಹಾಲಿನೊಂದಿಗೆ ಮಾಡಿರಲಿಲ್ಲ.

ಶೀತಪ್ಪನಿಗೆ ಬಿಸಿಲು ಕಣ್ಣೆದುರೇ ಜಾರುತ್ತಿರುವುದು ಕಾಣಿಸಿತು. ಎದ್ದು ನಿಂತ. ಮೊದಲು ಮೂರು ಸೀನು ಸೀನಿದ. ಅದು ಮುಗಿಯುವವರೆಗೆ ಎಲ್ಲರೂ ತಂತಮ್ಮ ಲೋಟ ಹಿಡಿದುಕೊಂಡರು.

"ಸಾರ್, ಹತ್ತೊಂಬತ್ತು ವರ್ಷ ಬಾಯಿ ಮುಚ್ಕೊಂಡಿದ್ದೆ, ಇವತ್ತು ಹೇಳ್ತೀನಿ. ಅದರ ಎದೆ ಮೇಲೆ ಒಂದು ಕೆಂಪು ಲೈಟು ಏಳು ವರ್ಷದಿಂದ ಉರೀತಾ ಇದೆ. ಯಾಕೆ ಉರೀತಿದೆ ಅಂತ ಕೇಳಿ."

"ಯಾಕೆ?"

"ನನಗೂ ಗೊತ್ತಿಲ್ಲ. ವರ್ಷದ ಗುತ್ತಿಗೆಯ ರಿಪೇರಿಯವರು ಬಂದು ನೋಡಿದ್ರು. ಅವರಿಗೂ ಗೊತ್ತಿಲ್ಲ. ಅವರು ಹೇಳಿಕೊಟ್ಟ ಹಾಗೆ ಅದರ ಮೇಲೆ ಕಪ್ಪು ಟೇಪು ಅಂಟಿಸಿದ್ದೀನಿ. ಎಡಗಡೆ ಫ್ಯಾನು ತಿರುಗೋದು ನಿಲ್ಲಿಸಿ ಯಾವ ಕಾಲ ಆಯ್ತೋ. ಅದರ ಬಿಡಿಭಾಗ ಮಾಡೋ ಕಂಪನಿ ಮುಚ್ಚಿ, ಆ ಜಾಗದಲ್ಲಿ ಈಗ ಈಜುಕೊಳ ಆಗಿದೆಯಂತೆ. ಅದು ಯಾಕೆ ಓಡ್ತಿದೆ ಅನ್ನೋದೇ ನನಗೆ ಆಶ್ಚರ್ಯ. ಬೆಳಗ್ಗೆ ನೀವು ತಟ್ತೀರಲ್ಲ, ಮೆಲ್ಲಗೆ ತಟ್ಟಿ ಅಂತ ನಾನು ಮನಸ್ಸಲ್ಲೇ ಬೇಡ್ಕೋತೀನಿ."

ಯಜಮಾನರ ಮುಖ ಬಿಳಿಚಿತು. "ಅವರಿಗೆ ಹುಷಾರಿಲ್ಲ ಅಂತ ಒಂದು ಮಾತು ಹೇಳೋದಲ್ವೇನಯ್ಯಾ?"

ನಿರ್ಧಾರ ಅಲ್ಲೇ ಆಯಿತು. ಹತ್ತೊಂಬತ್ತು ವರ್ಷದ ಆಸ್ತಿಯಾದ ಎಲ್ಲ ಮಾಹಿತಿಯೂ ಕ್ಲೌಡಿಗೆ. ಕ್ಯಾಂಟೀನಿಗೆ ಒಂದು ಫ್ರಿಜ್ಜು. ಗುಮಾಸ್ತನ ನಿದ್ದೆಗೆ ಪರ್ಯಾಯ ವ್ಯವಸ್ಥೆ ಪರಿಶೀಲನೆಯಲ್ಲಿದೆ. ಮತ್ತು ಸರ್ವರ್ ಬಂದ್ ಆದ ಘಳಿಗೆಯಿಂದ ಶೀತಪ್ಪನಿಗೆ ಕಿಟಕಿಯ ಕುರ್ಚಿ. ಇದನ್ನು ನಾಲ್ಕು ಪಿನ್ನು ಹೊಡೆದೇ ಹಾಕಿದರು.

ಆ ಸಂಜೆ ಮನೆಯಲ್ಲಿ ಹೆಂಡತಿ ಬಟ್ಟೆ ಮಡಿಸುತ್ತಾ ಕೇಳಿದಳು, "ಹಾಗಾದ್ರೆ ಇನ್ನು ಈ ಸ್ವೆಟರೆಲ್ಲ ಎತ್ತಿಡಲಾ?"

"ಎತ್ತಿಡು. ಗುರುವಾರದಿಂದ ನಾನು ಬರೀ ಅಂಗಿಯ ಮನುಷ್ಯ."

"ನಮ್ಮ ಅಣ್ಣಂಗೆ ಒಂದು ಮಾತು ಹೇಳಿದ್ರಾ?"

"ಗೇಟ್ ಕಾಯೋರಿಗೂ ಕ್ಲೌಡ್‌ಗೂ ಏನೇ ಸಂಬಂಧ?"

"ಹೇಳಿದ್ರೆ ಬಾಯೇನು ಸವೆಯುತ್ತಾ? ಅವನಿಗೆ ಗೊತ್ತಿಲ್ದೆ ಆ ಗೇಟಲ್ಲಿ ಇರುವೆನೂ ಹೊರಗೆ ಹೋಗಲ್ಲ."

"ಇರುವೆ ಹೋಗ್ತಿಲ್ಲ ಕಣೇ. ಹೋಗ್ತಿರೋದು ಕಣ್ಣಿಗೇ ಕಾಣಲ್ಲ."

ಗುರುವಾರ ಬೆಳಗ್ಗೆ ಒಂಬತ್ತಕ್ಕೆ ಮೋಡದಣ್ಣ ಶಾಸ್ತ್ರೋಕ್ತವಾಗಿ ಒಂದು ಕೀಲಿ ಒತ್ತಿದ. ಗುಂಡಿಗಳ ಹತ್ತೊಂಬತ್ತು ವರ್ಷದ ಚರಿತ್ರೆ ಮೇಲಕ್ಕೆ ಏರತೊಡಗಿತು. ಪರದೆಯ ಮೇಲೆ ಹಸಿರು ಪಟ್ಟಿಯೊಂದು ಬಸವನಹುಳುವಿನಂತೆ ಬಲಕ್ಕೆ ತೆವಳಿತು. ಸಾಯಂಕಾಲದ ಹೊತ್ತಿಗೆ ಎಲ್ಲ ಹೋಗಿ ಮುಗಿಯುತ್ತದೆ, ಆಮೇಲೆ ಸರ್ವರಿನ ಹೊಟ್ಟೆ ಖಾಲಿ ಮಾಡಿ ಸ್ವಿಚ್ಚು ಆರಿಸುವುದು ಅಂತ ಲೆಕ್ಕ. ಶೀತಪ್ಪ ಮನೆಯಿಂದ ತಂದಿದ್ದ ಚಿಕ್ಕ ದಿಂಬನ್ನು ಕಿಟಕಿಯ ಕುರ್ಚಿಯ ಪಕ್ಕದ ನೆಲದ ಮೇಲಿಟ್ಟ. ಕುರ್ಚಿಯ ಮೇಲೆ ಇಡುವಂತಿರಲಿಲ್ಲ, ನೋಟಿಸಿದೆ. ಬಿಸಿಲಿನಲ್ಲಿ ಬೆನ್ನು ಕಾಯಿಸುತ್ತಾ ನಿಂತ. ಒಂದು ಸೀನೂ ಬರಲಿಲ್ಲ. ಮೂರನೇ ಮಹಡಿಯವರು ಗಾಬರಿಯಾಗಿ, ಅವನಿಗೆ ಏನಾದರೂ ಆಯಿತಾ ಅಂತ ಒಬ್ಬಳನ್ನು ಕಳಿಸಿ ನೋಡಿಸಿದರು.

ಹನ್ನೊಂದೂ ಕಾಲಿಗೆ ಹಸಿರು ಪಟ್ಟಿ ನಿಂತುಬಿಟ್ಟಿತು. ನೂರರಲ್ಲಿ ಮೂವತ್ತೆಂಟು ಪಾಲು ಹೋಗಿತ್ತು.

ಮೋಡದಣ್ಣ ಕೀಲಿ ಒತ್ತಿದ, ಮತ್ತೆ ಒತ್ತಿದ, ಟೈ ಸಡಿಲಿಸಿದ. ಕೊನೆಗೆ ಶೀತಪ್ಪ, ಮಗಳು ಮತ್ತು ಅವನು ತಂತಿಯನ್ನು ಹಿಡಿದು ಹೊರಟರು. ತಂತಿ ಮೆಟ್ಟಿಲಿಳಿದು, ಗೋದಾಮಿನ ಗೋಡೆ ಹತ್ತಿ, ಸೈಕಲ್ ಸ್ಟ್ಯಾಂಡಿನ ಮೇಲೆ ಹಾದು ಗೇಟಿನ ಕ್ಯಾಬಿನ್ನಿಗೆ ಹೋಗಿತ್ತು. ಅಲ್ಲಿ ಗೋಡೆಯ ಮೇಲೊಂದು ಪುಟ್ಟ ಇಂಟರ್ನೆಟ್ ಡಬ್ಬಿ. ಡಬ್ಬಿಯ ಕೆಳಗೆ, ಕಿತ್ತ ತಂತಿಯ ತುದಿಯನ್ನು ಹಾವಿನ ಹೆಡೆ ಹಿಡಿದಂತೆ ಹಿಡಿದುಕೊಂಡು, ಇಸ್ತ್ರಿ ಮಾಡಿದ ಖಾಕಿಯಲ್ಲಿ ಶೀತಪ್ಪನ ಹೆಂಡತಿಯ ಅಣ್ಣ ಕೂತಿದ್ದರು.

"ಭಾವ! ಯಾಕೆ ಕಿತ್ರಿ?" ಶೀತಪ್ಪ ತಂತಿಗೆ ಕೈ ಚಾಚಿದ.

"ಬನ್ನಿ ಭಾವ, ಕೂತ್ಕೊಳ್ಳಿ," ಅಂದರು ಗೇಟಿನ ಭಾವ. "ದಿನಾ ಈ ಹಸಿರು ಲೈಟು ಆಗೊಂದ್ಸಲ ಈಗೊಂದ್ಸಲ ಮಿಣುಕೋದು. ಇವತ್ತು ಒಂಬತ್ತರಿಂದ ರೆಪ್ಪೆ ಮುಚ್ಚಿಲ್ಲ. ಏನೋ ದೊಡ್ಡ ಮಾಲು ಹೊರಗೆ ಹೋಗ್ತಿದೆ ಅನ್ನಿಸ್ತು. ಪಾಸ್ ಎಲ್ಲಿ?"

"ಇದಕ್ಕೆಂಥ ಪಾಸ್ ಅಂಕಲ್?" ಅಂದಳು ಮಗಳು. "ಇದು ಡೇಟಾ. ಇಷ್ಟು ವರ್ಷ ಈಮೇಲ್ ಹೋಗ್ತಿರಲಿಲ್ವಾ?"

"ಅದು ಪತ್ರ ತಾಯಿ. ಪತ್ರಕ್ಕೆ ಪಾಸ್ ಬೇಡ, ಹದಿನೇಳನೇ ನಿಯಮ. ಇದು ಸಾಮಾನು. ಹತ್ತೊಂಬತ್ತು ವರ್ಷದ ಆಸ್ತಿ ಸಾಗಿಸ್ತಿದ್ದೀವಿ ಅಂತ ನೋಟಿಸು ಬೋರ್ಡಿನಲ್ಲಿ ನೀವೇ ಬರೆದಿದ್ದೀರಿ. ಆಸ್ತಿ ಗೇಟು ದಾಟಬೇಕಾದ್ರೆ ಪಾಸ್ ಬೇಕು. ನಿಮ್ಮ ತಾತ ಬರೆದ ನಿಯಮ."

ಮಗಳು ಅಪ್ಪನನ್ನು ಕರೆತಂದಳು. ಯಜಮಾನರು ಬಂದವರೇ ಕೂಗಾಡುತ್ತಾರೆಂದು ಶೀತಪ್ಪ ಕಾದ. ಅವರು ಗೇಟಿನ ಭಾವನ ಬೆನ್ನು ಎರಡು ಸಲ ತಟ್ಟಿದರು.

"ನೋಡ್ರಿ, ಇದೇ ಶಿಸ್ತು," ಅಂದರು ಮೋಡದಣ್ಣನಿಗೆ. "ಹೊರದೇಶದ ಗಿರಾಕಿಗಳು ನಮ್ಮ ಗುಂಡಿ ತಗೊಳ್ಳೋದೇ ಶಿಸ್ತಿನ ಪ್ರಮಾಣಪತ್ರ ಇದೆ ಅಂತ. ತಪಾಸಣೆಯವರು ಮೂರು ತಿಂಗಳಿಗೊಂದ್ಸಲ ಬಂದು ಬೇರೇನೂ ನೋಡಲ್ಲ, ಗೇಟಿನ ರಿಜಿಸ್ಟರ್ ಒಂದೇ ನೋಡೋದು. ನನ್ನನ್ನೇ ಒಂದು ಮಳೆಗಾಲ ಛತ್ರಿಗೆ ಪಾಸ್ ಇಲ್ಲ ಅಂತ ಇವರು ಅರ್ಧ ಗಂಟೆ ನಿಲ್ಲಿಸಿದ್ರು. ನೆಂದ್ಕೊಂಡೇ ನಿಂತಿದ್ದೆ. ಪಾಸ್ ಬರೆದುಬಿಡಿ, ಅದರಲ್ಲೇನಿದೆ?"

ಪಾಸಿನ ಪುಸ್ತಕ ತೆರೆಯಿತು. ಬಿಳಿ, ಹಳದಿ, ಗುಲಾಬಿ, ಮೂರು ಹಾಳೆ, ನಡುವೆ ಕಾರ್ಬನ್ನು.

"ಸಾಮಾನಿನ ವಿವರ?" ಗೇಟಿನ ಭಾವ ಪೆನ್ನು ಕೊಡವಿದರು.

"ಮಾಹಿತಿ," ಅಂದ ಮೋಡದಣ್ಣ.

"ನಗ ಎಷ್ಟು? ಅಂದ್ರೆ, ಒಟ್ಟು ಎಷ್ಟು ಪೀಸು?"

"ನಾಲ್ಕು ಲಕ್ಷದ ಹನ್ನೆರಡು ಸಾವಿರದ ಆರು ಫೈಲು."

"ಆರು. ಸರಿ. ತೂಕ?"

"ತೂಕ ಇಲ್ಲ."

ಗೇಟಿನ ಭಾವ ಕನ್ನಡಕದ ಮೇಲಿನಿಂದ ನೋಡಿದರು. "ನಾಲ್ಕು ಲಕ್ಷ ನಗಕ್ಕೆ ತೂಕ ಇಲ್ವಾ? ಒಂದು ಗುಂಡಿಗೇ ತೂಕ ಇದೆ. ವಾಹನದ ನಂಬರು?"

"ವಾಹನ ಇಲ್ಲ."

"ನಡ್ಕೊಂಡು ಹೋಗ್ತಿದೆ ಅಂತ ಬರೀಲಾ?"

"ಹಾಗೇ ಬರೀರಿ ಭಾವ!" ಅಂದ ಶೀತಪ್ಪ. ಕ್ಯಾಬಿನ್ನಿನ ಬಾಗಿಲಲ್ಲಿ ನಿಂತೇ ಅವನು ಎರಡನೇ ಮಹಡಿಯ ಕಿಟಕಿಯನ್ನು ನೋಡುತ್ತಿದ್ದ. ಬಿಸಿಲು ಆಗಲೇ ಚೌಕಟ್ಟಿನಿಂದ ಕಾಲು ತೆಗೆಯುತ್ತಿತ್ತು.

"ಸರ್, ಒಂದು ನಿಮಿಷ," ಅಂದ ಮೋಡದಣ್ಣ, ಬುದ್ಧಿವಂತಿಕೆಯಿಂದ. "ನಿಜ ಹೇಳಬೇಕಂದ್ರೆ ಹೋಗ್ತಿರೋದು ಬರೀ ನಕಲು. ಅಸಲು ಈಗಲೂ ಒಳಗೇ ಇದೆ."

"ಒಳಗೇ ಇರೋ ಸಾಮಾನಿಗೆ ಹೊರಗೆ ಹೋಗೋ ಪಾಸ್ ಬರೆದ್ರೆ ನಾನು ಜೈಲಿಗೆ ಹೋಗ್ಬೇಕಾಗುತ್ತೆ," ಅಂದರು ಗೇಟಿನ ಭಾವ. "ಹೋಗ್ತಿದೆಯೋ, ಇದೆಯೋ? ಒಂದು ಹೇಳಿ."

"ಹೋಗ್ತಿದೆ, ಹೋಗ್ತಿದೆ!" ಶೀತಪ್ಪ ಕೈ ಮುಗಿದ. "ಸಂಜೆಗೆ ಅಸಲೂ ಅಳಿಸಿಬಿಡ್ತೀವಿ. ಏನೂ ಉಳಿಯಲ್ಲ."

"ಹಾಗೆ ಹೇಳಿ. ಈಗ ಕೊನೇ ಪ್ರಶ್ನೆ. ಮರಳಿ ಬರುವ ಸಾಮಾನೋ, ಮರಳಿ ಬಾರದ್ದೋ?"

"ಮರಳಿ ಬಾರದ್ದು," ಅಂದಳು ಮಗಳು.

"ಅದರಲ್ಲಿ ಮೂರೇ ಬಗೆ ತಾಯಿ. ಮಾರಿದ್ದು, ದಾನ ಕೊಟ್ಟದ್ದು, ಕಸ. ಯಾವುದಕ್ಕೆ ಗುರುತು ಹಾಕಲಿ?"

ಯಜಮಾನರು ಮೀಸೆ ಕುಣಿಸಿದರು. "ನಮ್ಮಪ್ಪನ ಕಾಲದ ನಕ್ಷೆಯೆಲ್ಲ ಇದೆ ಅದರಲ್ಲಿ. ಮಾರೋದಾ? ದಾನ ಮಾಡೋದಾ? ಕಸ ಅಂತ ಬರೆದ್ರೆ ನಾಳೆ ತಪಾಸಣೆಯವರು, ನಿಮ್ಮ ಗುಂಡಿಯೆಲ್ಲ ಕಸದಿಂದ ಮಾಡ್ತೀರಾ ಅಂತ ಕೇಳಲ್ವಾ? ಮರಳಿ ಬರುವುದು ಅಂತ ಬರೀರಿ. ನಮ್ಮದು ಯಾವತ್ತಿದ್ರೂ ನಮ್ಮದೇ."

ಗೇಟಿನ ಭಾವ ಬರೆದರು. ಪುಸ್ತಕ ತಿರುಗಿಸಿ, "ಕಳಿಸುವವರ ಸಹಿ," ಅಂದರು.

ಯಜಮಾನರು ಪೆನ್ನಿಗಾಗಿ ಜೇಬು ತಡಕಿದರು, ಮಗಳು ಚೀಲ ತಡಕಿದಳು. ಅಷ್ಟರಲ್ಲಿ ಶೀತಪ್ಪ ಮುಂದೆ ಹಾರಿ, ಭಾವನ ಪೆನ್ನನ್ನೇ ಕಸಿದುಕೊಂಡು, ಸಂಬಳದ ಪಟ್ಟಿಯಲ್ಲಿ ಮಾತ್ರ ಕಾಣುವ ತನ್ನ ನಿಜ ಹೆಸರನ್ನು ಮೂರು ಹಾಳೆಗೂ ಇಳಿಯುವಂತೆ ಒತ್ತಿ ಬರೆದ. ಇಷ್ಟು ಜೋರಾಗಿ ಅವನು ಮದುವೆಯ ರಿಜಿಸ್ಟರಿನಲ್ಲೂ ಸಹಿ ಹಾಕಿರಲಿಲ್ಲ.

ಗೇಟಿನ ಭಾವ ಪಾಸು ಹರಿದು ಅದರ ಹಿಂಬದಿಯನ್ನು ಓದಿದರು. ಪಾಸು ಕೊಡುವ ಮುನ್ನ ಹಿಂಬದಿ ಓದಿ ಹೇಳಬೇಕೆಂಬುದೂ ಒಂದು ನಿಯಮ.

"ಮರಳಿ ಬರುವ ಸಾಮಾನು ಮೂವತ್ತು ದಿನದೊಳಗೆ ಎಲ್ಲ ನಗಗಳೊಂದಿಗೆ ವಾಪಸು ಬರತಕ್ಕದ್ದು. ಬಂದ ಮೇಲೆ ಹೊಸ ಪಾಸು ಬರೆಸಿ ಮತ್ತೆ ಕಳಿಸಬಹುದು. ಸಾಮಾನು ಹೊರಟ ಜಾಗವನ್ನು ಅದು ಮರಳುವವರೆಗೆ ಹೇಗಿತ್ತೋ ಹಾಗೇ ಕಾಯ್ದಿರಿಸತಕ್ಕದ್ದು."

"ಹೇಗಿತ್ತೋ ಹಾಗೇ ಅಂದ್ರೆ?" ಅಂದ ಶೀತಪ್ಪ.

"ಹಿಂದೊಂದ್ಸಲ ತೂತು ಕೊರೆಯೋ ಮಿಷನ್ನು ರಿಪೇರಿಗೆ ಹೋಗಿ ಬರೋದ್ರೊಳಗೆ ಆ ಜಾಗದಲ್ಲಿ ಕ್ಯಾಂಟೀನಿನ ಒಲೆ ಕೂತಿತ್ತು ಭಾವ. ಮಿಷನ್ನು ಎರಡು ತಿಂಗಳು ಅಂಗಳದಲ್ಲಿ ನಿಂತು ತುಕ್ಕು ಹಿಡೀತು. ಅವತ್ತಿಂದ ಈ ನಿಯಮ. ನಿಮ್ಮ ಸರ್ವರು ಓಡ್ತಾನೇ ಇರಬೇಕು, ಏಸಿ ಆರಕೂಡದು. ಅವು ವಾಪಸು ಬಂದಾಗ ಇಳಿಸೋಕೆ ಜಾಗ ಬೇಡ್ವೇ?" ಅವರು ಬೆರಳಿನಿಂದ ಕೊನೆಯ ಸಾಲು ತೋರಿಸಿದರು. "ಮತ್ತೆ, ಕಳಿಸಿದವರೇ ಸ್ವೀಕರಿಸತಕ್ಕದ್ದು. ಕಳಿಸಿದ ಸ್ಥಳದಲ್ಲೇ ಸ್ವೀಕರಿಸತಕ್ಕದ್ದು."

ಮಗಳು ಹಣೆ ಹಿಡಿದುಕೊಂಡಳು. ಯಜಮಾನರ ಮುಖದಲ್ಲಿ ಮಾತ್ರ ಒಂದು ಸಣ್ಣ ಸಂತೋಷ ಅಡಗಿಕೊಳ್ಳಲು ಜಾಗ ಸಿಗದೆ ಒದ್ದಾಡುತ್ತಿತ್ತು; ಸರ್ವರಿನ ಬೆನ್ನನ್ನು ನಾಳೆಯೂ ತಟ್ಟಬಹುದು.

"ರದ್ದು ಮಾಡಿ ಭಾವ," ಅಂದ ಶೀತಪ್ಪ. "ಹರಿದುಹಾಕಿ. ನಿಮ್ಮ ತಂಗಿ ಸ್ವೆಟರೆಲ್ಲ ಎತ್ತಿಟ್ಟಿದ್ದಾಳೆ."

"ಮಾಡೋಣ, ಅದಕ್ಕೇನಂತೆ? ನಾನೇನು ಹೊರಗಿನವನಾ?" ಗೇಟಿನ ಭಾವ ರಿಜಿಸ್ಟರಿನ ಹಾಳೆ ತಿರುವಿದರು. "ಆದ್ರೆ ಆಗಲೇ ಮೂವತ್ತೆಂಟು ಪಾಲು ಗೇಟು ದಾಟಿಬಿಟ್ಟಿದೆ. ಹೋದದ್ದು ವಾಪಸು ಬಂದಿದೆ ಅಂತ ದಾಖಲಾಗದೆ ಪಾಸು ರದ್ದಾಗಲ್ಲ. ವಾಪಸು ಬಂದಿದೆ ಅಂತ ದಾಖಲಾಗಬೇಕಾದ್ರೆ, ಸ್ವೀಕರಿಸುವವರು ತಮ್ಮ ಜಾಗದಲ್ಲಿ, ಸರ್ವರ್ ಪಕ್ಕದಲ್ಲೇ ಇರಬೇಕು."

ಅವರು ಪೆನ್ನಿಗೆ ಮುಚ್ಚಳ ಹಾಕಿ, ಗುಲಾಬಿ ಹಾಳೆಯನ್ನು ನೀಟಾಗಿ ಮಡಿಸಿ ಶೀತಪ್ಪನ ಜೇಬಿಗಿಟ್ಟರು.

"ಹೋಗಿ ಕೂತ್ಕೊಳ್ಳಿ, ಭಾವ."